ಎರಡು ಕಡತಗಳ ನಡುವಿನ ಬಸಿರು

ನನ್ನ ಹೆಸರಿನಲ್ಲಿ ಎರಡು ಕಡತಗಳಿವೆ. ಒಂದು ಎಆರ್‌ಟಿ ಕೇಂದ್ರದಲ್ಲಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧಿಗಳನ್ನು ಕೊಡುವ ಕೇಂದ್ರದಲ್ಲಿ, 2014ರಲ್ಲಿ ತೆರೆದದ್ದು. ಅಂಚುಗಳು ಸವೆದು ಅದರ ರಟ್ಟು ಎರಡು ಬಾರಿ ಬದಲಾಗಿದೆ. ಇನ್ನೊಂದು ನಾನು ಬಸಿರಾದ ವರ್ಷ, 2021ರಲ್ಲಿ, ಸ್ತ್ರೀರೋಗ ಮತ್ತು ಪ್ರಸೂತಿ ವಿಭಾಗದಲ್ಲಿ ತೆರೆದದ್ದು. ಮೊದಲನೆಯದರಲ್ಲಿ ಸಿಡಿ4 ಎಂಬ ರೋಗನಿರೋಧಕ ಜೀವಕೋಶಗಳ ಎಣಿಕೆ, ವೈರಲ್ ಲೋಡ್ (ಒಂದು ಮಿಲಿಲೀಟರ್ ರಕ್ತದಲ್ಲಿರುವ ವೈರಸ್ಸಿನ ಲೆಕ್ಕ), ಮಾತ್ರೆಗಳ ಹೆಸರು, ನುಂಗಲು ತಪ್ಪಿದ ದಿನಗಳ ಲೆಕ್ಕ ಇವೆ. ಎರಡನೆಯದರಲ್ಲಿ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ಮಗುವಿನ ಎದೆಬಡಿತ ಇವೆ. ಎರಡೂ ಒಂದೇ ದೇಹದ ಲೆಕ್ಕಗಳು ಎಂಬುದನ್ನು ಬಹಳ ಕಾಲ ನಾನೊಬ್ಬಳೇ ನೆನಪಿಟ್ಟುಕೊಳ್ಳಬೇಕಾಯಿತು. ಅವನ್ನು ಯಾರೂ ಜೊತೆಗಿಟ್ಟು ಓದದೆ ಇದ್ದುದರಿಂದ ಒಮ್ಮೆ ನನ್ನ ಮಗುವಿನ ಬಳಿಗೂ ಇನ್ನೊಮ್ಮೆ ನನ್ನ ಬಳಿಗೂ ಅಪಾಯ ಬಂದು ಹೋಯಿತು. ಎಚ್‌ಐವಿ ಜೊತೆಗೆ ಬದುಕುತ್ತಿರುವ ಹೆಂಗಸರಲ್ಲಿ ಈ ದಾರಿ ಹಿಡಿಯಲಿರುವವರಿಗೆ, ಯಾವ ತಿರುವಿನಲ್ಲಿ ಏನನ್ನು ಕೇಳಬೇಕೆಂಬುದು ನನಗಿಂತ ಮೊದಲೇ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮಗು ಬೇಕೆಂಬ ಮಾತನ್ನು ನಾನು ಮೊದಲು ಎತ್ತಿದ್ದು 2018ರಲ್ಲಿ, ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕಿಯ ಬಳಿ. ನನ್ನ ಗಂಡನಿಗೆ ಸೋಂಕಿಲ್ಲ. ನನ್ನ ವೈರಲ್ ಲೋಡ್ ಆ ಹೊತ್ತಿಗೆ ಮೂರು ವರ್ಷಗಳಿಂದ ಪತ್ತೆಯಾಗದ ಮಟ್ಟದಲ್ಲಿತ್ತು. ಆದರೂ ಕಾಂಡೋಮ್ ಬಿಟ್ಟು ಕೂಡುವುದೆಂದರೆ ಗಂಡನನ್ನು ಪಣಕ್ಕಿಟ್ಟಂತೆ ಎಂಬ ಭಯ ನನ್ನೊಳಗೆ ಬೇರೂರಿತ್ತು. ಆಕೆ ಅವಸರಿಸದೆ ವಿವರಿಸಿದರು. 2016ರಲ್ಲಿ ಪ್ರಕಟವಾದ ‘ಪಾರ್ಟ್‌ನರ್’ ಅಧ್ಯಯನದಲ್ಲಿ, ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗಿಲ್ಲದ 888 ಜೋಡಿಗಳು ಕಾಂಡೋಮ್ ಇಲ್ಲದೆ ಸುಮಾರು 58,000 ಬಾರಿ ಕೂಡಿದ್ದರು. ಚಿಕಿತ್ಸೆಯಿಂದ ವೈರಲ್ ಲೋಡ್ ಹತೋಟಿಯಲ್ಲಿದ್ದ ಸಂಗಾತಿಯಿಂದ ಇನ್ನೊಬ್ಬರಿಗೆ ಸೋಂಕು ದಾಟಿದ ಒಂದೇ ಒಂದು ಪ್ರಕರಣವೂ ಅಲ್ಲಿ ಸಿಕ್ಕಿರಲಿಲ್ಲ. ಈ ಮಾತನ್ನು ನನ್ನ ಗಂಡನಿಗೆ ನಾನು ಹೇಳುವ ಬದಲು ಆಕೆಯೇ ಹೇಳಲಿ ಎಂದು ಮುಂದಿನ ವಾರ ಅವರನ್ನೂ ಕರೆದುಕೊಂಡು ಹೋದೆ. ಆ ಅರ್ಧ ಗಂಟೆಯಷ್ಟು ಬೆಲೆಬಾಳುವ ಚಿಕಿತ್ಸೆ ನನಗೆ ಅದುವರೆಗೆ ದೊರೆತಿರಲಿಲ್ಲ.

ಆದರೆ ಆಗಲೇ ಇನ್ನೊಂದು ಸುದ್ದಿ ಬಂತು. ನಾನು ನುಂಗುತ್ತಿದ್ದ ಎಫಾವಿರೆನ್ಜ್ ಎಂಬ ಎಆರ್‌ಟಿ ಮಾತ್ರೆಯ ಬದಲು ಡೊಲುಟೆಗ್ರಾವಿರ್ ಎಂಬ ಹೊಸ ಮಾತ್ರೆಗೆ ನನ್ನನ್ನು ದಾಟಿಸುವ ಯೋಚನೆ ವೈದ್ಯರಿಗಿತ್ತು. ಅದೇ 2018ರ ಮೇ ತಿಂಗಳಲ್ಲಿ ಬೋಟ್ಸ್ವಾನಾದ ಅಧ್ಯಯನವೊಂದರಿಂದ ಎಚ್ಚರಿಕೆ ಹೊರಟಿತು: ಗರ್ಭ ಕಟ್ಟುವ ಹೊತ್ತಿಗೆ ಈ ಮಾತ್ರೆ ಸೇವಿಸುತ್ತಿದ್ದ 426 ಹೆಂಗಸರ ಮಕ್ಕಳಲ್ಲಿ 4 ಮಕ್ಕಳಿಗೆ ನರನಾಳದ ದೋಷ, ಅಂದರೆ ಮೆದುಳು ಮತ್ತು ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ದೋಷ, ಕಂಡುಬಂದಿತ್ತು. ಹೆರುವ ವಯಸ್ಸಿನವರು ಗರ್ಭನಿರೋಧಕ ಬಳಸುತ್ತಿದ್ದರೆ ಮಾತ್ರ ಈ ಮಾತ್ರೆ ಎಂಬ ಸೂಚನೆ ಬಂತು. ಮರುವರ್ಷ ಅದೇ ಅಧ್ಯಯನದಲ್ಲಿ ಲೆಕ್ಕ 1,683ಕ್ಕೆ 5 ಆಯಿತು. ಎಣಿಕೆ ಬೆಳೆದಂತೆ ಭಯ ಕುಗ್ಗಿತು, ಮತ್ತು 2019ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಗರ್ಭಿಣಿಯರನ್ನೂ ಹೆರುವ ವಯಸ್ಸಿನವರನ್ನೂ ಒಳಗೊಂಡಂತೆ ಎಲ್ಲರಿಗೂ ಡೊಲುಟೆಗ್ರಾವಿರ್ ಅನ್ನೇ ಮೊದಲ ಆಯ್ಕೆಯೆಂದು ಹೇಳಿತು. ಎಚ್ಚರಿಕೆ ಕೊಟ್ಟದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಆ ನಡುವಿನ ಕಾಲದಲ್ಲಿ ನನ್ನ ಮುಂದೆ ಅಂಕಿಗಳನ್ನಿಟ್ಟು ‘ನಿನಗೇನು ಅನ್ನಿಸುತ್ತದೆ’ ಎಂದು ಕೇಳಿದವರು ಯಾರೂ ಇರಲಿಲ್ಲ. ‘ಸದ್ಯಕ್ಕೆ ಬಸಿರು ಬೇಡ’ ಎಂದು ಕಡತದಲ್ಲಿ ಬರೆದು ಕಳುಹಿಸಿದರು. 2020ರಲ್ಲಿ ಮಾತ್ರೆ ಬದಲಾಯಿತು. ಫೋಲಿಕ್ ಆಮ್ಲವನ್ನು ಬಸಿರಿಗೆ ಮೊದಲೇ ಆರಂಭಿಸಿದೆ. 2021ರ ನಡುವಿನಲ್ಲಿ ಮುಟ್ಟು ನಿಂತಿತು.

ಮೊದಲು ಹೆಸರು ಬರೆಸಿದ್ದು ಮನೆಗೆ ಹತ್ತಿರವಿದ್ದ ಒಂದು ಆಸ್ಪತ್ರೆಯಲ್ಲಿ. ನನ್ನ ಸ್ಥಿತಿಯನ್ನು ನಾನಾಗಿಯೇ ಹೇಳಿದೆ. ಅದೇ ದಿನ ಕಡತದ ಮೇಲೆ ಕೆಂಪು ಚೀಟಿ ಅಂಟಿತು. ಅಲ್ಲಿಂದ ಮುಂದೆ ನಾನು ಎಷ್ಟು ಬೇಗ ಬಂದು ಕುಳಿತರೂ ಕೊನೆಯ ಸರದಿ ನನ್ನದಾಯಿತು. ನನ್ನನ್ನು ಪರೀಕ್ಷಿಸಿದ ಬಳಿಕ ಕೋಣೆಯನ್ನು ವಿಶೇಷವಾಗಿ ತೊಳೆಯಬೇಕಾಗುತ್ತದೆ ಎಂಬುದು ಅವರು ಕೊಟ್ಟ ಕಾರಣ. ಯಾರ ರಕ್ತದಲ್ಲಿ ಏನಿದೆಯೋ ಎಂದು ತಿಳಿಯದೆ ಇರುವುದರಿಂದಲೇ ಎಲ್ಲ ರೋಗಿಗಳಿಗೂ ಒಂದೇ ಬಗೆಯ ಮುನ್ನೆಚ್ಚರಿಕೆ ಎಂಬ ನಿಯಮ ಹುಟ್ಟಿದ್ದು. ನನಗೊಬ್ಬಳಿಗೇ ಬೇರೆ ಕೈಗವಸು, ಬೇರೆ ಸರದಿ ಎಂದಾದರೆ, ಉಳಿದವರ ವಿಷಯದಲ್ಲಿ ಆ ನಿಯಮವನ್ನು ಪಾಲಿಸುತ್ತಿಲ್ಲ ಎಂದೇ ಅರ್ಥ. ಹೊಟ್ಟೆ ಮುಟ್ಟಿ ನೋಡುವುದಕ್ಕೆ ಕೈಗವಸು ಬೇಕಿಲ್ಲ. ಅಲ್ಲಿ ಎರಡು ಜೊತೆ ಧರಿಸುತ್ತಿದ್ದರು.

ಮೂರನೆಯ ಭೇಟಿಯಲ್ಲಿ, ಇನ್ನೂ ವೈರಲ್ ಲೋಡ್ ಪರೀಕ್ಷೆಯ ಮಾತೇ ಬರುವ ಮೊದಲು, ‘ಪಾಸಿಟಿವ್ ಆದ್ದರಿಂದ ಸಿಸೇರಿಯನ್’ ಎಂದು ತೀರ್ಮಾನವಾಯಿತು. ಒಪ್ಪಿಗೆಪತ್ರಗಳ ಕಟ್ಟೊಂದನ್ನು ಮನೆಗೆ ಒಯ್ದು ಸಹಿ ಮಾಡಿಸಿ ತರಲು ಹೇಳಿದರು. ರಾತ್ರಿ ಒಂದೊಂದೇ ಹಾಳೆ ಓದುತ್ತಾ ಹೋದಾಗ ನಾಲ್ಕನೆಯದು ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಪ್ಪಿಗೆಪತ್ರವಾಗಿತ್ತು. ಅದರ ಬಗ್ಗೆ ಒಂದು ಮಾತನ್ನೂ ಯಾರೂ ಆಡಿರಲಿಲ್ಲ. ನಾನು ಕೇಳಿದಾಗ ‘ಹೇಗೂ ಹೊಟ್ಟೆ ತೆರೆದಿರುತ್ತದಲ್ಲ, ನಿಮ್ಮಂಥವರಿಗೆ ಒಂದೇ ಸಲಕ್ಕೆ ಮುಗಿಯುತ್ತದೆ’ ಎಂಬ ಉತ್ತರ ಬಂತು. ನಮೀಬಿಯಾದಲ್ಲಿ ಎಚ್‌ಐವಿ ಇದ್ದ ಮೂವರು ಹೆಂಗಸರು, ಹೆರಿಗೆಯ ಹೊತ್ತಿನಲ್ಲಿ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ತಮಗೆ ಈ ಶಸ್ತ್ರಚಿಕಿತ್ಸೆ ಮಾಡಲಾಯಿತೆಂದು ನ್ಯಾಯಾಲಯಕ್ಕೆ ಹೋಗಿದ್ದರು. ಅಲ್ಲಿಯ ಸುಪ್ರೀಂ ಕೋರ್ಟ್ 2014ರಲ್ಲಿ ಅವರ ಪರವಾಗಿ ತೀರ್ಪು ಕೊಟ್ಟಿತು. ಹೆರಿಗೆ ನೋವಿನಲ್ಲಿರುವವಳಿಂದ ಹಾಕಿಸಿಕೊಂಡ ಸಹಿ ಒಪ್ಪಿಗೆಯಾಗುವುದಿಲ್ಲ ಎಂಬುದು ಆ ಪ್ರಕರಣದ ತಿರುಳು. ಅದನ್ನು ನಾನು ಓದಿದ್ದು ಬಹಳ ಕಾಲದ ನಂತರ. ಆ ರಾತ್ರಿ ನನಗೆ ತಿಳಿದದ್ದು ಇಷ್ಟೇ: ನಾಲ್ಕನೆಯ ಹಾಳೆಗೆ ಸಹಿ ಹಾಕಬಾರದು, ಆ ಆಸ್ಪತ್ರೆಗೆ ಮತ್ತೆ ಹೋಗಬಾರದು.

ಆಪ್ತಸಮಾಲೋಚಕಿಯೇ ಇನ್ನೊಂದು ಆಸ್ಪತ್ರೆಗೆ ಪತ್ರ ಬರೆದುಕೊಟ್ಟರು. ಅಲ್ಲಿಯ ವೈದ್ಯೆ ನನ್ನನ್ನು ಕೂರಿಸಿಕೊಂಡು ಮೊದಲು ಹೇಳಿದ್ದು ಅಂಕಿಗಳನ್ನು. ಏನೂ ಚಿಕಿತ್ಸೆಯಿಲ್ಲದೆ, ಹಾಲೂಡಿಸುವ ಕಾಲವನ್ನೂ ಸೇರಿಸಿದರೆ, ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ಶೇಕಡಾ 15ರಿಂದ 45. 1994ರಲ್ಲಿ ಒಂದೇ ಔಷಧಿ, ಜಿಡೊವುಡಿನ್, ತಾಯಿಗೂ ನವಜಾತ ಶಿಶುವಿಗೂ ಕೊಟ್ಟಾಗ ಸೋಂಕಿನ ಪ್ರಮಾಣ ಶೇಕಡಾ 25.5ರಿಂದ 8.3ಕ್ಕೆ ಇಳಿದದ್ದು ಎಲ್ಲಕ್ಕೂ ಆರಂಭ. ಈಗ ಮೂರು ಔಷಧಿಗಳ ಚಿಕಿತ್ಸೆಯಲ್ಲಿ, ಬಸಿರಿಗೆ ಮೊದಲೇ ವೈರಲ್ ಲೋಡ್ ತಗ್ಗಿ ಹೆರಿಗೆಯವರೆಗೆ ಹಾಗೆಯೇ ಉಳಿದರೆ, ಬಸಿರು ಮತ್ತು ಹೆರಿಗೆಯಲ್ಲಿ ದಾಟುವ ಸಾಧ್ಯತೆ ಶೇಕಡಾ 1ಕ್ಕಿಂತ ಕಡಿಮೆ. ‘ಹೆರಿಗೆ ಹೇಗೆಂಬುದನ್ನು ನಿಮ್ಮ ವೈರಲ್ ಲೋಡ್ ಹೇಳಲಿ’ ಎಂದರು. ಸಿಫಿಲಿಸ್, ಹೆಪಟೈಟಿಸ್ ಬಿ ಮತ್ತು ಕ್ಷಯದ ಬಗ್ಗೆಯೂ ಅಂದೇ ಕೇಳಿ ರಕ್ತ ತೆಗೆಸಿದರು. ಮೊದಲಿನ ಆಸ್ಪತ್ರೆ ಎಚ್‌ಐವಿ ಎಂಬ ಒಂದು ಪದದ ಮುಂದೆ ನಿಂತುಬಿಟ್ಟು ಇವುಗಳಲ್ಲಿ ಒಂದನ್ನೂ ನೋಡಿರಲಿಲ್ಲ.

ಇಷ್ಟು ಒಳ್ಳೆಯ ಕೈಗಳಲ್ಲಿದ್ದರೂ ತಪ್ಪು ನಡೆಯಿತು. ಯಾರ ಉದಾಸೀನವೂ ಅದಕ್ಕೆ ಕಾರಣವಲ್ಲ. ಎರಡು ಕಡತಗಳ ನಡುವೆ ಜಾಗವಿದ್ದುದೇ ಕಾರಣ. ಹಿಮೋಗ್ಲೋಬಿನ್ ಕಡಿಮೆಯಿದ್ದುದರಿಂದ ಪ್ರಸೂತಿ ವಿಭಾಗದಲ್ಲಿ ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟರು. ಕಬ್ಬಿಣ ಬರಿ ಹೊಟ್ಟೆಯಲ್ಲಿ ಚೆನ್ನಾಗಿ ಹೀರಿಕೊಳ್ಳುತ್ತದೆ ಎಂದರು. ಎಆರ್‌ಟಿ ಮಾತ್ರೆಯನ್ನು ನಾನು ಮೊದಲಿನಿಂದಲೂ ಬೆಳಿಗ್ಗೆ ಎದ್ದೊಡನೆ ನುಂಗುತ್ತಿದ್ದವಳು. ಮರೆಯದಿರಲೆಂದು ಮೂರನ್ನೂ ಒಟ್ಟಿಗೆ ನುಂಗತೊಡಗಿದೆ. ಒಂದು ದಿನವೂ ತಪ್ಪಿಸಲಿಲ್ಲ. 22ನೆಯ ವಾರದಲ್ಲಿ ವೈರಲ್ ಲೋಡ್ ಫಲಿತಾಂಶ ಬಂದಾಗ ಅದರಲ್ಲಿ 640 ಎಂದಿತ್ತು.

ಆರು ವರ್ಷ ‘ಪತ್ತೆಯಾಗಿಲ್ಲ’ ಎಂಬ ಪದವನ್ನೇ ಓದಿಕೊಂಡು ಬಂದ ಹಾಳೆಯಲ್ಲಿ ಒಂದು ಸಂಖ್ಯೆ ಕಂಡಾಗ ಆಗುವ ಭಯವನ್ನು ಹೇಳಲು ನನಗೆ ಈಗಲೂ ಮಾತು ಸಾಲದು. ಹೊಟ್ಟೆಯಲ್ಲಿ ಮಗು ಮಿಸುಕಾಡತೊಡಗಿದ್ದ ದಿನಗಳವು. ಎಆರ್‌ಟಿ ಕೇಂದ್ರದಲ್ಲಿ ಮೊದಲ ಪ್ರಶ್ನೆ ‘ಎಷ್ಟು ದಿನ ತಪ್ಪಿಸಿದಿರಿ?’ ಎಂಬುದಾಗಿತ್ತು. ಇಲ್ಲವೆಂದೆ. ಮತ್ತೆ ಕೇಳಿದರು, ಮತ್ತೆ ಇಲ್ಲವೆಂದೆ. ಮೂರನೆಯ ಬಾರಿ, ಸ್ವಲ್ಪ ಮೆದುವಾಗಿ, ನಾನು ಸುಳ್ಳು ಹೇಳುತ್ತಿದ್ದೇನೆಂದು ತೀರ್ಮಾನಿಸಿಕೊಂಡೇ ಕೇಳಿದರು. ಅಲ್ಲಿದ್ದ ಔಷಧಿ ವಿತರಕಿ ಈ ಮಾತುಗಳನ್ನು ಕೇಳಿಸಿಕೊಂಡು, ನಾನು ದಿನಕ್ಕೆ ನುಂಗುವ ಎಲ್ಲ ಮಾತ್ರೆಗಳನ್ನೂ ನುಂಗುವ ಹೊತ್ತಿನ ಸಮೇತ ಮೇಜಿನ ಮೇಲೆ ಸಾಲಾಗಿ ಇಡಲು ಹೇಳಿದರು. ಚೀಲದಿಂದ ಮೂರು ಪಟ್ಟಿಗಳನ್ನು ತೆಗೆದು ಒಂದರ ಪಕ್ಕ ಒಂದು ಇಟ್ಟೆ. ಅವರು ಮಧ್ಯದಲ್ಲಿದ್ದ ಕಬ್ಬಿಣದ ಮಾತ್ರೆಯನ್ನು ಬೆರಳಿನಿಂದ ದೂರಕ್ಕೆ ಸರಿಸಿದರು.

ಕಬ್ಬಿಣವೂ ಕ್ಯಾಲ್ಸಿಯಮ್ಮೂ ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್ ಅನ್ನು ಅಂಟಿಕೊಂಡು, ಅದು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಬರಿ ಹೊಟ್ಟೆಯಲ್ಲಿ ಒಟ್ಟಿಗೆ ನುಂಗಿದರೆ ಕಬ್ಬಿಣವೊಂದೇ ರಕ್ತಕ್ಕೆ ಸೇರುವ ಔಷಧಿಯ ಪ್ರಮಾಣವನ್ನು ಸುಮಾರು ಅರ್ಧಕ್ಕೆ ಇಳಿಸಬಲ್ಲದು. ಆದ್ದರಿಂದ ಡೊಲುಟೆಗ್ರಾವಿರ್ ಅನ್ನು ಈ ಮಾತ್ರೆಗಳಿಗೆ 2 ಗಂಟೆ ಮೊದಲು ಅಥವಾ 6 ಗಂಟೆಯ ನಂತರ ತೆಗೆದುಕೊಳ್ಳಬೇಕು. ಒಟ್ಟಿಗೇ ತೆಗೆದುಕೊಳ್ಳುವುದಾದರೆ ಊಟದ ಜೊತೆಗೆ ತೆಗೆದುಕೊಳ್ಳಬೇಕು. ಆಮ್ಲಪಿತ್ತಕ್ಕೆ ಕೊಡುವ ಅಲ್ಯೂಮಿನಿಯಂ, ಮೆಗ್ನೀಷಿಯಂ ಇರುವ ಔಷಧಿಗಳೂ ಇದನ್ನೇ ಮಾಡುತ್ತವೆ, ಅವನ್ನು ಊಟದ ಜೊತೆಗೂ ಒಟ್ಟಿಗೆ ಸೇವಿಸಬಾರದು. ಬಸಿರಿನಲ್ಲಿ ಎದೆಯುರಿಗೆಂದು ಯಾರೂ ಯೋಚಿಸದೆ ಕುಡಿಯುವ ಔಷಧಿಗಳವು. ಕಬ್ಬಿಣ ಬರೆದ ವೈದ್ಯೆಗೆ ನನ್ನ ಎಆರ್‌ಟಿ ಮಾತ್ರೆಯ ಹೆಸರು ಗೊತ್ತಿತ್ತು, ಎಆರ್‌ಟಿ ವೈದ್ಯರಿಗೆ ನಾನು ಬಸಿರಿ ಎಂದು ಗೊತ್ತಿತ್ತು. ಬಸಿರಿಗೆ ಕಬ್ಬಿಣ ಕೊಡುತ್ತಾರೆಂಬುದು ಯಾರಿಗೆ ತಾನೆ ಗೊತ್ತಿರಲಿಲ್ಲ? ಗೊತ್ತಿದ್ದ ಈ ಮೂರು ಸಂಗತಿಗಳು ಒಂದೇ ಮೇಜಿನ ಮೇಲೆ ಸೇರಿದ್ದು ಆ ದಿನ ಮೊದಲು. ವೈರಲ್ ಲೋಡ್ ಏರಿದ್ದಕ್ಕೆ ಬಹುಪಾಲು ಇದೇ ಕಾರಣವಿರಬಹುದು ಎಂದು ವೈದ್ಯರೂ ಒಪ್ಪಿದರು. ಎಆರ್‌ಟಿ ಮಾತ್ರೆ ರಾತ್ರಿಗೆ ಹೋಯಿತು. ನಾಲ್ಕು ವಾರಗಳ ನಂತರ 70 ಬಂತು, ಮತ್ತೂ ನಾಲ್ಕು ವಾರಗಳ ನಂತರ ಆ ಹಳೆಯ, ಪ್ರೀತಿಯ ಪದ ಹಾಳೆಗೆ ಮರಳಿತು.

ಬಸಿರಿನಲ್ಲಿರುವ ಪ್ರತಿಯೊಬ್ಬ ಪಾಸಿಟಿವ್ ಹೆಂಗಸಿನ ಮಾತ್ರೆಗಳನ್ನು ಹೀಗೆ ಒಮ್ಮೆಯಾದರೂ ಮೇಜಿನ ಮೇಲೆ ಸಾಲಾಗಿ ಇಡಿಸಬೇಕೆಂದು ನನ್ನ ಗಟ್ಟಿಯಾದ ಅಭಿಪ್ರಾಯ. ಯಾರೂ ಹೇಳದಿದ್ದರೆ ನಾವೇ ಇಡಬೇಕು.

36ನೆಯ ವಾರದ ಪರೀಕ್ಷೆ ಹೆರಿಗೆಯ ಬಗೆಯನ್ನು ತೀರ್ಮಾನಿಸುವ ಪರೀಕ್ಷೆ. ಹೆರಿಗೆಯ ಸಮೀಪದಲ್ಲಿ ವೈರಲ್ ಲೋಡ್ 1,000ಕ್ಕಿಂತ ಹೆಚ್ಚಿದ್ದರೆ ನೋವು ಆರಂಭವಾಗುವ ಮೊದಲೇ, 38ನೆಯ ವಾರದಲ್ಲಿ, ಸಿಸೇರಿಯನ್ ಮಾಡುವುದರಿಂದ ಮಗುವಿಗೆ ರಕ್ಷಣೆ ಸಿಗುತ್ತದೆ. ಜಿಡೊವುಡಿನ್ ಅನ್ನು ರಕ್ತನಾಳದ ಮೂಲಕವೂ ಕೊಡುತ್ತಾರೆ. 50ಕ್ಕಿಂತ ಕಡಿಮೆಯಿದ್ದರೆ ಎಚ್‌ಐವಿಯ ಕಾರಣಕ್ಕಾಗಿ ಹೊಟ್ಟೆ ಕೊಯ್ಯಬೇಕಾಗಿಲ್ಲ. ನನ್ನದು ಪತ್ತೆಯಾಗಲಿಲ್ಲ. ವೈದ್ಯೆ ಎರಡು ಕಡತಗಳನ್ನೂ ತರಿಸಿಕೊಂಡು, ಪ್ರಸೂತಿ ಕಡತದ ಮೊದಲ ಪುಟದಲ್ಲಿ ನನ್ನ ಎಆರ್‌ಟಿ ಔಷಧಿಗಳ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆದರು. ಅದಕ್ಕೊಂದು ಕಾರಣವಿತ್ತು. ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದಿದ್ದರೆ ಕೊಡುವ ಮೆಥೈಲ್‌ಎರ್ಗೊಮೆಟ್ರಿನ್ ಚುಚ್ಚುಮದ್ದು, ರಿಟೊನಾವಿರ್ ಜೊತೆ ಕೊಡುವ ಅಟಜನಾವಿರ್, ಲೋಪಿನಾವಿರ್‌ಗಳಂಥ ಮಾತ್ರೆಗಳನ್ನು ಸೇವಿಸುವವರಲ್ಲಿ ರಕ್ತನಾಳಗಳನ್ನು ಅಪಾಯಕರವಾಗಿ ಬಿಗಿದುಬಿಡಬಲ್ಲದು. ನನ್ನ ಮಾತ್ರೆಗಳಿಗೆ ಆ ತೊಡಕಿಲ್ಲ. ಆದರೆ ನಡುರಾತ್ರಿ ರಕ್ತ ಹರಿಯುತ್ತಿರುವಾಗ ಅದನ್ನು ಹುಡುಕುವ ಕೆಲಸ ಯಾರಿಗೂ ಬೀಳಬಾರದು ಎಂದು ಅವರು ಹೇಳಿದರು.

ನೋವು 39ನೆಯ ವಾರದಲ್ಲಿ ಸಂಜೆ ಆರಂಭವಾಯಿತು. ಹೆರಿಗೆಯ ಬಗ್ಗೆ ಹೇಳುವುದು ಬಹಳವೇನಿಲ್ಲ, ಏಕೆಂದರೆ ಅದು ಎಲ್ಲ ಹೆರಿಗೆಗಳಂತೆಯೇ ನಡೆಯಿತು. ಹಾಗೆ ನಡೆದದ್ದೇ ನನಗೆ ದೊರೆತ ಗೌರವ. ರಾತ್ರಿ ಮಾತ್ರೆಯ ಹೊತ್ತಿಗೆ ದಾದಿ ತಾವಾಗಿಯೇ ನೀರು ತಂದುಕೊಟ್ಟರು. ನೀರಿನ ಚೀಲವನ್ನು ಅವಸರದಿಂದ ಒಡೆಯಲಿಲ್ಲ, ಅಗತ್ಯವಿಲ್ಲದ ಕೊಯ್ತ ಹಾಕಲಿಲ್ಲ. ಮಗು ಹುಟ್ಟಿದ ಮೇಲೆ ಹೊಕ್ಕುಳಬಳ್ಳಿಯನ್ನು ಕತ್ತರಿಸುವ ಮೊದಲು ಒಂದು ನಿಮಿಷಕ್ಕಿಂತ ಹೆಚ್ಚು ಕಾದರು. ನನ್ನ ರಕ್ತ ಮಗುವಿಗೆ ಹೋಗುತ್ತದಲ್ಲವೇ ಎಂದು ನಾನು ಗಾಬರಿಯಿಂದ ಕೇಳಿದಾಗ, ಬಳ್ಳಿಯಲ್ಲಿರುವುದು ಮಗುವಿನದೇ ರಕ್ತ, ಎಚ್‌ಐವಿ ಇದ್ದರೂ ಹೀಗೆ ಕಾಯುವುದೇ ಸರಿ ಎಂದು ತಿಳಿಸಿದರು. ಬಳಿಕ ಅವಳನ್ನು ಬರಿ ಮೈಯಲ್ಲಿ ನನ್ನ ಎದೆಯ ಮೇಲೆ ಮಲಗಿಸಿದರು. ನನ್ನ ಮಂಚದ ಮೇಲೆ ಯಾವ ಬಣ್ಣದ ಚೀಟಿಯೂ ಇರಲಿಲ್ಲ.

ಅಂದಿನಿಂದಲೇ ಮಗಳಿಗೆ ದಿನಕ್ಕೊಮ್ಮೆ, ಸೋಂಕು ತಗುಲದಂತೆ ತಡೆಯುವ ನೆವಿರಾಪಿನ್ ಸಿರಪ್, ಆರು ವಾರ. ಹಾಲಿನ ತೀರ್ಮಾನ ಇದಕ್ಕಿಂತ ಕಷ್ಟದ್ದು. ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿಯ ಪ್ರಕಾರ, ಎಆರ್‌ಟಿ ತಪ್ಪದೆ ಸೇವಿಸುವ ತಾಯಿ ಮೊದಲ 6 ತಿಂಗಳು ಎದೆಹಾಲನ್ನಷ್ಟೇ ಕೊಟ್ಟು, ನಂತರ ಬೇರೆ ಆಹಾರದೊಂದಿಗೆ ಕನಿಷ್ಠ 12 ತಿಂಗಳು, ಬೇಕಿದ್ದರೆ 24 ತಿಂಗಳವರೆಗೂ ಹಾಲೂಡಿಸಬಹುದು. ಆದರೆ ಶುದ್ಧ ನೀರೂ ಪುಡಿಹಾಲೂ ಸುಲಭವಾಗಿ ಸಿಗುವ ಕೆಲವು ದೇಶಗಳಲ್ಲಿ ಎದೆಹಾಲು ಬೇಡವೆಂದೇ ಬಹುಕಾಲ ಹೇಳುತ್ತಿದ್ದರು. ಅಮೆರಿಕದ ಮಾರ್ಗಸೂಚಿ 2023ರಲ್ಲಷ್ಟೇ ತಾಯಿ ಮತ್ತು ವೈದ್ಯರು ಕೂಡಿ ತೀರ್ಮಾನಿಸಲಿ ಎಂಬಲ್ಲಿಗೆ ಬಂತು. ವೈರಲ್ ಲೋಡ್ ಪತ್ತೆಯಾಗದಿದ್ದಾಗ ಹಾಲಿನಿಂದ ದಾಟುವ ಸಾಧ್ಯತೆ ಶೇಕಡಾ 1ಕ್ಕಿಂತ ಕಡಿಮೆ, ಆದರೆ ಸೊನ್ನೆಯಲ್ಲ. ಲೈಂಗಿಕ ಸಂಪರ್ಕದ ವಿಷಯದಲ್ಲಿ ಧೈರ್ಯವಾಗಿ ಹೇಳುವ ಮಾತನ್ನು ಹಾಲಿನ ವಿಷಯದಲ್ಲಿ ಹಾಗೆಯೇ ಹೇಳುವಂತಿಲ್ಲ. ನಾನು ಹಾಲೂಡಿಸಿದೆ, ಹದಿನಾಲ್ಕು ತಿಂಗಳು. 640ರ ನೆನಪು ಇದ್ದುದರಿಂದ ಆ ಅವಧಿಯಲ್ಲಿ ನನ್ನ ವೈರಲ್ ಲೋಡ್ ಅನ್ನು ಮೂರು ತಿಂಗಳಿಗೊಮ್ಮೆ ಕೇಳಿ ಮಾಡಿಸಿಕೊಂಡೆ. ಬೇರೆ ತೀರ್ಮಾನ ಮಾಡಿದ ತಾಯಂದಿರನ್ನು ಬಲ್ಲೆ. ಅವರ ತೀರ್ಮಾನವೂ ಅಷ್ಟೇ ಎಚ್ಚರದ್ದು.

ಮಗುವಿನ ಪರೀಕ್ಷೆಯಲ್ಲಿ ತಿಳಿದಿರಬೇಕಾದದ್ದೊಂದಿದೆ. ವೈರಸ್ಸಿನ ವಿರುದ್ಧ ತಾಯಿಯ ದೇಹ ತಯಾರಿಸಿದ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ, ದೊಡ್ಡವರಿಗೆ ಮಾಡುವ ಸಾಮಾನ್ಯ ಪರೀಕ್ಷೆಯನ್ನು ಕೂಸಿಗೆ ಮಾಡಿದರೆ ಸೋಂಕಿಲ್ಲದಿದ್ದರೂ ಪಾಸಿಟಿವ್ ಎಂದು ತೋರಿಸಬಹುದು. ಆದ್ದರಿಂದ ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಬೇಕು. ಆರನೆಯ ವಾರದಲ್ಲಿ ಹಿಮ್ಮಡಿಯಿಂದ ತೆಗೆದ ಕೆಲವು ಹನಿಗಳನ್ನು ಕಾಗದದ ಮೇಲೆ ಒಣಗಿಸಿ ಕಳುಹಿಸಿದರು. ಒಂಬತ್ತನೆಯ ತಿಂಗಳಿನಲ್ಲಿ ಮತ್ತೊಮ್ಮೆ. ಹದಿನೆಂಟನೆಯ ತಿಂಗಳಿನ ಪ್ರತಿಕಾಯ ಪರೀಕ್ಷೆ ಕೊನೆಯದು, ಅದೂ ಹಾಲು ಬಿಡಿಸಿ ಮೂರು ತಿಂಗಳಾದರೂ ಕಳೆದ ಮೇಲೆ. ಮೂರರಲ್ಲೂ ಸೋಂಕು ಕಾಣಲಿಲ್ಲ. ಕೊನೆಯ ಫಲಿತಾಂಶ ಬಂದ ದಿನ ಇಡೀ ಕೇಂದ್ರ ನಮ್ಮೊಂದಿಗೆ ಸಂತೋಷಪಟ್ಟಿತು, ಮಗಳ ಕಾರ್ಡಿನ ಮೇಲೆ ‘ಮುಕ್ತಾಯ’ ಎಂದು ಬರೆದರು.

ನನಗೂ ಅಂದು ಮುಕ್ತಾಯವಾಯಿತೆಂದು ಅನ್ನಿಸಿತ್ತು. ಹೆರಿಗೆಯವರೆಗೆ ಹದಿನೈದು ದಿನಕ್ಕೊಮ್ಮೆ ನನ್ನನ್ನು ನೋಡುತ್ತಿದ್ದ ಸ್ತ್ರೀರೋಗ ವಿಭಾಗ, ಬಾಣಂತನದ ಆರನೆಯ ವಾರದ ನಂತರ ನನ್ನನ್ನು ಕರೆದಿರಲಿಲ್ಲ. ಆ ಕೊನೆಯ ಭೇಟಿಯಲ್ಲಿ ಗರ್ಭನಿರೋಧಕದ ಮಾತಾಯಿತು. ಕೈಯ ಚರ್ಮದಡಿ ಇಡುವ ಇಂಪ್ಲಾಂಟ್ ಆರಿಸಿಕೊಂಡೆ. ಡೊಲುಟೆಗ್ರಾವಿರ್ ಅದಕ್ಕೆ ಅಡ್ಡಿಯಲ್ಲ. ಎಫಾವಿರೆನ್ಜ್ ಸೇವಿಸುವವರಲ್ಲಿ ಮಾತ್ರ ಅದರ ಹಾರ್ಮೋನು ಬೇಗ ಕರಗಿ ಇಂಪ್ಲಾಂಟ್ ಕೈಕೊಡುವ ಸಾಧ್ಯತೆ ಹೆಚ್ಚು. ಇಲ್ಲಿಯೂ ಎರಡು ಕಡತ ಒಟ್ಟಿಗೆ ತೆರೆಯಲೇಬೇಕು.

ಮಗಳ ಕೊನೆಯ ಪರೀಕ್ಷೆಯ ದಿನ, 2023ರ ಕೊನೆಯಲ್ಲಿ, ಕಾಯುವ ಕೋಣೆಯಲ್ಲಿ ನನ್ನ ಪಕ್ಕ ಕುಳಿತಿದ್ದ, ನನಗಿಂತ ಹಿರಿಯ ಹೆಂಗಸೊಬ್ಬರು ತಮಗೆ ಗರ್ಭಕಂಠದ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ನಡೆಯುತ್ತಿದೆ ಎಂದರು. ಹನ್ನೆರಡು ವರ್ಷ ಈ ಕೇಂದ್ರಕ್ಕೆ ತಿಂಗಳು ತಪ್ಪದೆ ಬಂದವರು ಅವರು. ‘ರಕ್ತ ಎಷ್ಟು ಸಲ ಕೊಟ್ಟೆನೋ ಲೆಕ್ಕವಿಲ್ಲ, ಅಲ್ಲಿ ಒಮ್ಮೆ ನೋಡೋಣ ಎಂದವರು ಯಾರೂ ಇಲ್ಲ’ ಎಂದರು. ಮನೆಗೆ ಹೋಗಿ ಓದಿದೆ. ಎಚ್‌ಐವಿ ಇರುವ ಹೆಂಗಸರಿಗೆ ಈ ಕ್ಯಾನ್ಸರಿನ ಸಾಧ್ಯತೆ ಉಳಿದವರಿಗಿಂತ ಆರು ಪಟ್ಟು. ಕಾರಣ ಎಚ್‌ಪಿವಿ ಎಂಬ ಇನ್ನೊಂದು ವೈರಸ್. ಬಹುಪಾಲು ಹೆಂಗಸರ ದೇಹ ಅದನ್ನು ತಾನಾಗಿ ಹೊರಹಾಕುತ್ತದೆ, ನಮ್ಮಲ್ಲಿ ಅದು ಹೆಚ್ಚು ಕಾಲ ಉಳಿಯುತ್ತದೆ. ಉಳಿದವರಿಗೆ 30ರ ವಯಸ್ಸಿನಿಂದ ತಪಾಸಣೆ ಎಂದಿರುವಲ್ಲಿ ನಮಗೆ 25ರಿಂದಲೇ, ಎಚ್‌ಪಿವಿ ಡಿಎನ್‌ಎ ಪರೀಕ್ಷೆಯಾದರೆ 3ರಿಂದ 5 ವರ್ಷಗಳಿಗೊಮ್ಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿಯೇ ಹೇಳಿದೆ. ನನಗಾಗ 34. ಒಂಬತ್ತು ವರ್ಷಗಳ ಚಿಕಿತ್ಸೆ, ಒಂದು ಇಡೀ ಬಸಿರು, ಒಂದು ಹೆರಿಗೆ ಇವುಗಳ ನಡುವೆ ನನ್ನ ಗರ್ಭಕಂಠವನ್ನು ಅದಕ್ಕಾಗಿಯೇ ಯಾರೂ ನೋಡಿರಲಿಲ್ಲ. ಮಗುವಿಗೆ ದಾರಿಯಾಗಿದ್ದಷ್ಟು ದಿನ ಅದನ್ನು ಕಾಪಾಡಿದರು. ಈ ಮಾತನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಪರೀಕ್ಷೆ ಸುಲಭ. ಮಾದರಿಯನ್ನು ನಾವೇ ತೆಗೆದುಕೊಳ್ಳಬಹುದು. ಮೆತ್ತನೆಯ ಕಡ್ಡಿಯೊಂದನ್ನು ಒಳಗಿಟ್ಟು ತಿರುಗಿಸಿ ನಳಿಕೆಗೆ ಹಾಕಿಕೊಟ್ಟೆ. ಮೂರು ವಾರದ ಮೇಲೆ ಎಚ್‌ಪಿವಿ 16 ಇದೆ ಎಂದು ಬಂತು. ಅದು ಹೆಚ್ಚು ಅಪಾಯದ ಬಗೆ. ಕಾಲ್ಪೊಸ್ಕೋಪಿಗೆ ಕರೆದರು. ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ ಇಟ್ಟು, ಗರ್ಭಕಂಠಕ್ಕೆ ಅಸಿಟಿಕ್ ಆಮ್ಲದ ತೆಳು ದ್ರಾವಣ ಹಚ್ಚಿ, ದೂರದರ್ಶಕದಂಥ ಉಪಕರಣದಿಂದ ನೋಡುತ್ತಾರೆ. ಕೆಟ್ಟಿರುವ ಜೀವಕೋಶಗಳಿರುವ ಭಾಗ ಬೆಳ್ಳಗಾಗುತ್ತದೆ. ಬೇಕಾದರೆ ಪರದೆಯಲ್ಲಿ ನೋಡಿ ಎಂದರು, ನೋಡಿದೆ. ಗುಲಾಬಿ ಬಣ್ಣದ ನಡುವೆ ಚೂರು ಬಿಳಿ. ಕೆಮ್ಮಿ ಎಂದರು, ಕೆಮ್ಮಿದಾಗ ಚಿವುಟಿದಂತಾಗಿ ಒಂದು ಸಣ್ಣ ತುಣುಕು ಹೊರಬಂತು. ಸಿಐಎನ್ 2 ಎಂಬ ಫಲಿತಾಂಶ ಬಂತು: ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟರೆ ವರ್ಷಗಳಲ್ಲಿ ಅತ್ತ ನಡೆಯಬಹುದಾದದ್ದು.

ಆ ಭಾಗವನ್ನು ವಿದ್ಯುತ್ ಹರಿಯುವ ತೆಳು ತಂತಿಯ ಕುಣಿಕೆಯಿಂದ ತೆಗೆದರು. ಗರ್ಭಕಂಠಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟಾಗ ಎದೆ ಒಂದೆರಡು ನಿಮಿಷ ಜೋರಾಗಿ ಬಡಿದುಕೊಂಡಿತು, ಔಷಧಿಯಿಂದ ಹಾಗಾಗುತ್ತದೆ ಎಂದು ಮೊದಲೇ ಹೇಳಿದ್ದರು. ಹದಿನೈದು ನಿಮಿಷದಲ್ಲಿ ಮುಗಿದು, ಅದೇ ಮಧ್ಯಾಹ್ನ ಮನೆಗೆ ನಡೆದು ಬಂದೆ. ಮೂರು ವಾರ ನೀರಿನಂಥ, ಆಮೇಲೆ ಕಂದು ಬಣ್ಣದ ಸ್ರಾವವಿತ್ತು. ಗಾಯ ಮಾಯುವವರೆಗೆ, ಆರು ವಾರ, ಸಂಭೋಗ ಬೇಡವೆಂದರು. ಇನ್ನೊಂದು ಮಗುವಿನ ಆಸೆಯಿದೆ ಎಂದು ನಾನು ಮೊದಲೇ ತಿಳಿಸಿದ್ದುದರಿಂದ, ಎಷ್ಟು ಆಳಕ್ಕೆ ತೆಗೆಯಬೇಕೆಂಬುದನ್ನು ವೈದ್ಯೆ ಯೋಚಿಸಿಯೇ ಮಾಡಿದ್ದರು. ಹೆಚ್ಚು ಆಳಕ್ಕೆ ಹೋದಷ್ಟೂ ಮುಂದಿನ ಬಸಿರಿನಲ್ಲಿ ಅವಧಿಗೆ ಮೊದಲೇ ಹೆರಿಗೆಯಾಗುವ ಸಾಧ್ಯತೆ ಹೆಚ್ಚುತ್ತದೆ. ನಮ್ಮಲ್ಲಿ ಇದು ಮರುಕಳಿಸುವುದೂ ಹೆಚ್ಚು, ಆದ್ದರಿಂದ ಹನ್ನೆರಡು ತಿಂಗಳಿಗೊಮ್ಮೆಯಂತೆ ಎರಡು ಬಾರಿ ಪರೀಕ್ಷೆ ಮಾಡಿ, ಎರಡರಲ್ಲೂ ಏನೂ ಇಲ್ಲವೆಂದಾದ ಮೇಲಷ್ಟೇ ಸಾಮಾನ್ಯ ಅಂತರಕ್ಕೆ ಮರಳಬೇಕು.

ಮೊದಲನೆಯ ಪರೀಕ್ಷೆ 2025ರಲ್ಲಿ ಆಯಿತು, ಎಚ್‌ಪಿವಿ ಇರಲಿಲ್ಲ. ಆ ಹಾಳೆಯನ್ನು ನಾನು ಪ್ರಸೂತಿ ವಿಭಾಗದಲ್ಲಿ ಬಿಟ್ಟು ಬರಲಿಲ್ಲ. ಎಆರ್‌ಟಿ ಕೇಂದ್ರಕ್ಕೆ ಒಯ್ದು, ಕಡತದಲ್ಲಿ ಸೇರಿಸಿ ಎಂದು ದಾದಿಯ ಕೈಗೆ ಕೊಟ್ಟೆ. ತಿಂಗಳ ಭೇಟಿಯ ಪುಟದಲ್ಲಿ ತೂಕಕ್ಕೆ, ಸಿಡಿ4ಗೆ, ವೈರಲ್ ಲೋಡ್‌ಗೆ, ಕ್ಷಯದ ಲಕ್ಷಣಗಳಿಗೆ ಒಂದೊಂದು ಅಂಕಣವಿತ್ತು, ಇದಕ್ಕೆ ಇರಲಿಲ್ಲ. ಅವರು ಸ್ವಲ್ಪ ಹೊತ್ತು ಪುಟವನ್ನೇ ನೋಡಿ, ಮೇಜಿನ ಖಾನೆಯಿಂದ ಸ್ಕೇಲು ತೆಗೆದು, ಬಲಗಡೆಯ ಅಂಚಿನಲ್ಲಿ ಮೇಲಿನಿಂದ ಕೆಳಗೆ ಒಂದು ಗೆರೆ ಎಳೆದರು. ಮೇಲೆ ‘ಗರ್ಭಕಂಠ’ ಎಂದು ಬರೆದು, ಕೆಳಗೆ ಈ ವರ್ಷದ ಫಲಿತಾಂಶವನ್ನೂ ಮುಂದಿನ ವರ್ಷದ ದಿನಾಂಕವನ್ನೂ ತುಂಬಿದರು. ನಂತರ ನನ್ನ ಹಿಂದೆ ಸರದಿಯಲ್ಲಿದ್ದ ಹುಡುಗಿಯ ಕಡತವನ್ನು ತೆರೆದು, ಅದರಲ್ಲಿಯೂ ಅದೇ ಗೆರೆಯನ್ನು ಎಳೆದು, ‘ನಿಮಗೆ ಎಷ್ಟು ವಯಸ್ಸು?’ ಎಂದು ಕೇಳಿದರು.